ಒಳ್ಳೆಯ ಕ್ಲೈಂಟ್ ಆಗಲು ಬರುವವರು

(ಆಪ್ತಸಮಾಲೋಚಕರ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಅಲ್ಲಿ ಹೇಳಿದ ಕೆಲವನ್ನು ಬಿಟ್ಟಿದ್ದೇನೆ, ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನು ಉಳಿಸಿಕೊಂಡಿದ್ದೇನೆ. ಇಲ್ಲಿ ಬರುವ ಕ್ಲೈಂಟ್‌ಗಳು ಯಾರೋ ಒಬ್ಬರಲ್ಲ. ಹಲವರನ್ನು ಕಲಸಿ, ಗುರುತು ಸಿಗದಂತೆ ಮಾಡಿ ಹೇಳಿದ್ದು.)

ಎಲ್ಲರಿಗೂ ನಮಸ್ಕಾರ. ಒಂದು ಫೈಲಿನ ಕಥೆಯಿಂದ ಶುರು ಮಾಡುತ್ತೇನೆ.

ಒಬ್ಬರು ಮೊದಲ ಸೆಷನ್‌ಗೆ ಇಪ್ಪತ್ತು ನಿಮಿಷ ಮುಂಚೆಯೇ ಬಂದು ಕೂತಿದ್ದರು. ಕೈಯಲ್ಲಿ ಫೈಲ್. ಬಾಲ್ಯ, ಓದು, ಕೆಲಸ, ನಿದ್ದೆ, ಮುರಿದುಹೋದ ಸಂಬಂಧಗಳು, ಎಲ್ಲವನ್ನೂ ವರ್ಷವಾರು ಟೈಪ್ ಮಾಡಿ ತಂದಿದ್ದರು. "ನಿಮಗೆ ಅನುಕೂಲ ಆಗಲಿ ಅಂತ ಮೇಡಂ" ಅಂದರು. ಅವರು ಕೇಳಿದ ಮೊದಲ ಪ್ರಶ್ನೆ: "ಸಾಮಾನ್ಯವಾಗಿ ಜನರಿಗೆ ಎಷ್ಟು ಸೆಷನ್ ಬೇಕಾಗುತ್ತೆ?"

ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಇಷ್ಟು ತಯಾರಿ ಮಾಡಿಕೊಂಡು ಬರುವವರು ಎಷ್ಟು ಜನ ಸಿಗುತ್ತಾರೆ? ಮುಂದಿನ ಆರು ವಾರ ನಾನು ಕೊಟ್ಟ ಹೋಂವರ್ಕನ್ನೆಲ್ಲ ಅವರು ಮಾಡಿದರು. ಒಂದು ಪುಟ ಕೇಳಿದರೆ ಮೂರು ಪುಟ ಬರೆದರು. ನನ್ನ ಮಾತನ್ನು ನನಗಿಂತ ಚೆನ್ನಾಗಿ ನೆನಪಿಟ್ಟುಕೊಂಡರು. ಆದರೆ ನಿದ್ದೆ ಬರಲಿಲ್ಲ, ಎದೆಯ ಭಾರ ಇಳಿಯಲಿಲ್ಲ. ಏಳನೆಯ ವಾರ ಅವರು ಬರಲೇ ಇಲ್ಲ. ಮೆಸೇಜ್ ಬಂತು: "ಈ ವಾರದ ಹೋಂವರ್ಕ್ ಮುಗಿದಿಲ್ಲ. ಮುಗಿಸಿಕೊಂಡು ಮುಂದಿನ ವಾರ ಬರ್ತೀನಿ."

ಆ ಮೆಸೇಜನ್ನು ನಾನು ಎಷ್ಟೋ ಸಲ ಓದಿದ್ದೇನೆ. ಯಾವ ಕಾಯಿಲೆಗೆ ಬಂದಿದ್ದರೋ ಅದೇ ಕಾಯಿಲೆ ಆರು ವಾರದಿಂದ ನನ್ನ ಎದುರಿನ ಕುರ್ಚಿಯಲ್ಲಿ ಕೂತಿತ್ತು. ನಾನು ಅದಕ್ಕೆ ಭೇಷ್ ಅನ್ನುತ್ತಾ ಬಂದಿದ್ದೆ.

ಇವತ್ತು ನಾನು ಹೇಳಬೇಕೆಂದಿರುವುದು ಇದೊಂದನ್ನೇ. ಪರ್ಫೆಕ್ಷನಿಸಂ ಅನ್ನುವುದು ಕ್ಲೈಂಟ್ ತಮ್ಮ ಹೊರಗಿನ ಬದುಕಿನಿಂದ ನಮಗೆ ತಂದು ತೋರಿಸುವ ಸಮಸ್ಯೆ ಮಾತ್ರ ಅಲ್ಲ. ಅದು ಥೆರಪಿಯ ಕೋಣೆಯ ಒಳಗೇ ನಡೆಯುತ್ತಿರುತ್ತದೆ, ನಮ್ಮ ಮುಂದೆಯೇ, ಕೆಲವೊಮ್ಮೆ ನಮ್ಮ ಸಹಾಯದಿಂದಲೇ.

ಕನ್ನಡದಲ್ಲಿ ಇದಕ್ಕೆ ಒಂದು ಚಂದದ ಪದ ಇಲ್ಲ. 'ಪರಿಪೂರ್ಣತಾವಾದ' ಅಂದರೆ ಯಾವುದೋ ತತ್ವಶಾಸ್ತ್ರದ ಪಾಠದಂತೆ ಕೇಳಿಸುತ್ತದೆ. ಜನ ಹಾಗೆ ಹೇಳುವುದೂ ಇಲ್ಲ. "ನನಗೆ ಎಲ್ಲ ಸರಿಯಾಗೇ ಇರಬೇಕು" ಅನ್ನುತ್ತಾರೆ. "ಮಾಡಿದರೆ ನೆಟ್ಟಗೆ ಮಾಡಬೇಕು, ಇಲ್ಲ ಅಂದ್ರೆ ಮುಟ್ಟಲೇಬಾರದು" ಅನ್ನುತ್ತಾರೆ. ಈ ಎರಡನೆಯ ವಾಕ್ಯದಲ್ಲಿ ಇಡೀ ರೋಗ ಇದೆ.

ಸಂಶೋಧನೆಯ ಕಡೆಯಿಂದ ಸ್ವಲ್ಪ ನೋಡೋಣ. 1978ರಲ್ಲಿ ಹ್ಯಾಮಚೆಕ್ ಎಂಬ ಮನಶ್ಶಾಸ್ತ್ರಜ್ಞ ಇದರಲ್ಲಿ ಎರಡು ಬಗೆ ಇದೆ ಅಂದರು. ಒಂದು ಸಹಜವಾದದ್ದು, ಇನ್ನೊಂದು ಕಾಡುವಂಥದ್ದು. 1990ರಲ್ಲಿ ರ‍್ಯಾಂಡಿ ಫ್ರಾಸ್ಟ್ ಮತ್ತು ಜೊತೆಗಾರರು 35 ಪ್ರಶ್ನೆಗಳ ಒಂದು ಅಳತೆಪಟ್ಟಿ ಮಾಡಿದರು. ತಪ್ಪಿನ ಚಿಂತೆ, ಮಾಡಿದ್ದು ಸರಿಯೋ ಇಲ್ಲವೋ ಎಂಬ ಅನುಮಾನ, ಅಪ್ಪ ಅಮ್ಮನ ನಿರೀಕ್ಷೆ, ಅವರ ಟೀಕೆ, ಹೀಗೆ ಬಿಡಿಸಿ ನೋಡಿದರು. ಮರುವರ್ಷವೇ, 1991ರಲ್ಲಿ, ಪಾಲ್ ಹೆವಿಟ್ ಮತ್ತು ಗಾರ್ಡನ್ ಫ್ಲೆಟ್ ಇದನ್ನು ಬೇರೆ ಥರ ವಿಂಗಡಿಸಿದರು. ನನ್ನಿಂದ ನಾನೇ ಬಯಸುವುದು, ಬೇರೆಯವರಿಂದ ನಾನು ಬಯಸುವುದು, ಬೇರೆಯವರು ನನ್ನಿಂದ ಬಯಸುತ್ತಾರೆ ಎಂದು ನಾನು ನಂಬಿರುವುದು. ಈ ಮೂರನೆಯದು ಹೆಚ್ಚು ನೋಯಿಸುತ್ತದೆ. ಏಕೆಂದರೆ ಅಲ್ಲಿ ಮಾರ್ಕ್ಸ್ ಹಾಕುವವರು ಯಾರು, ಎಷ್ಟಕ್ಕೆ ಪಾಸು ಅನ್ನುವುದೇ ಗೊತ್ತಿರುವುದಿಲ್ಲ.

ನನಗೆ ಕೆಲಸಕ್ಕೆ ಬಂದದ್ದು 2002ರಲ್ಲಿ ಶಾಫ್ರನ್, ಕೂಪರ್ ಮತ್ತು ಫೇರ್‌ಬರ್ನ್ ಕೊಟ್ಟ ವಿವರಣೆ. ಅವರ ಪ್ರಕಾರ ಎತ್ತರದ ಗುರಿ ಇಟ್ಟುಕೊಳ್ಳುವುದು ತೊಂದರೆ ಅಲ್ಲ. 'ನಾನು ಎಂಥವನು' ಎನ್ನುವುದರ ಲೆಕ್ಕವೆಲ್ಲ ಆ ಗುರಿ ಮುಟ್ಟುವುದರ ಮೇಲೇ ನಿಂತುಬಿಟ್ಟಿರುತ್ತದೆ. ಅದರಿಂದ ಹಾನಿಯಾಗುತ್ತಿದ್ದರೂ ಕೈಬಿಡಲಾಗುವುದಿಲ್ಲ. ತೊಂದರೆ ಅಲ್ಲಿದೆ.

ಇದು ಹೇಗೆ ಸುತ್ತುತ್ತದೆ ನೋಡಿ. ಗುರಿ ಮುಟ್ಟದಿದ್ದರೆ "ನಾನು ಯಾವುದಕ್ಕೂ ಲಾಯಕ್ಕಿಲ್ಲ". ಮುಟ್ಟಿದರೆ? ಖುಷಿಯಾಗಬೇಕಲ್ವಾ? ಆಗುವುದಿಲ್ಲ. "ನಾನೇ ಮಾಡಿದೆ ಅಂದ ಮೇಲೆ ಅದೇನು ಮಹಾ, ಸುಲಭ ಇದ್ದಿರಬೇಕು" ಎಂದುಕೊಂಡು ಗುರಿಯನ್ನು ಒಂದು ಮೆಟ್ಟಿಲು ಮೇಲೆ ಏರಿಸುತ್ತಾರೆ. ಸೋತರೆ ಸೋಲು, ಗೆದ್ದರೆ ರದ್ದು. ಮೂರನೆಯ ದಾರಿ, ಶುರುವೇ ಮಾಡದಿರುವುದು. ಮೂರು ವರ್ಷದಿಂದ ಒಂದೇ ಅಧ್ಯಾಯ ತಿದ್ದುತ್ತಾ ಕೂತ ವಿದ್ಯಾರ್ಥಿಯನ್ನು ಮನೆಯವರು ಸೋಮಾರಿ ಅನ್ನುತ್ತಾರೆ. ಅವನೂ ತನ್ನನ್ನು ಹಾಗೇ ಕರೆದುಕೊಳ್ಳುತ್ತಾನೆ. ಪರ್ಫೆಕ್ಷನಿಸ್ಟ್ ಅಂದರೆ ಇಸ್ತ್ರಿ ಹಾಕಿದ ಬಟ್ಟೆ, ಜೋಡಿಸಿಟ್ಟ ಮೇಜು ಎಂದು ನೀವು ಕಾಯುತ್ತಿದ್ದರೆ ಇವನನ್ನು ಗುರುತಿಸುವುದೇ ಇಲ್ಲ.

ಅವರು ಬಂದು "ನನಗೆ ಪರ್ಫೆಕ್ಷನಿಸಂ ಇದೆ" ಎಂದು ಹೇಳುವುದೂ ಅಪರೂಪ. ಖಿನ್ನತೆ, ಆತಂಕ, ಗೀಳು, ಊಟದ ತೊಂದರೆ, ನಿದ್ದೆ, ಹೀಗೆ ಬೇರೆ ಬೇರೆ ಬಾಗಿಲಿನಿಂದ ಒಳಗೆ ಬರುತ್ತಾರೆ. ಅದನ್ನು ಕಾಯಿಲೆ ಅಂತ ಅವರು ನೋಡುವುದಿಲ್ಲ, ತಮ್ಮ ಒಳ್ಳೆಯ ಗುಣ ಅಂತ ನೋಡುತ್ತಾರೆ. ಹಾಗಾಗಿ ಮೊದಲ ದಿನವೇ "ನಿಮ್ಮ ಮಟ್ಟ ಸ್ವಲ್ಪ ಇಳಿಸಿಕೊಳ್ಳಿ" ಅನ್ನಬೇಡಿ. ಅವರ ಕಿವಿಗೆ ಅದು 'ಕಳಪೆಯಾಗಿರಿ' ಎಂದೇ ಬೀಳುತ್ತದೆ. ಅತಿಯಾದರೆ ಅಮೃತವೂ ವಿಷ ಎಂಬ ಗಾದೆಯನ್ನು ಅವರು ನಿಮಗಿಂತ ಮೊದಲೇ ಕೇಳಿರುತ್ತಾರೆ. ಮಟ್ಟದ ತಂಟೆಗೆ ಹೋಗದೆ ಖರ್ಚಿನ ಬಗ್ಗೆ ಕೇಳಿ. ಈ ರೀತಿ ಬದುಕಲು ಎಷ್ಟು ಗಂಟೆ ಹೋಗುತ್ತದೆ, ಯಾರ ಜೊತೆ ಮಾತು ನಿಂತುಹೋಗಿದೆ, ಇಷ್ಟವಿದ್ದೂ ಯಾವುದನ್ನು ಬಿಟ್ಟಿದ್ದೀರಿ? ಇದರಿಂದ ಸಿಕ್ಕ ಲಾಭವನ್ನೂ ಪ್ರಾಮಾಣಿಕವಾಗಿ ಬರೆಸಿ. ಲಾಭ ನಿಜವಾಗಿಯೂ ಇರುತ್ತದೆ. ಅದನ್ನು ನಾವು ಒಪ್ಪಿಕೊಂಡರೆ ನಷ್ಟದ ಕಡೆ ಅವರೇ ಬರುತ್ತಾರೆ.

ಈಗ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ ಒಂದು ಅಧ್ಯಯನಕ್ಕೆ ಬರುತ್ತೇನೆ. ಇದಕ್ಕೆ ಸ್ವಲ್ಪ ಸಮಯ ಕೊಡಿ.

1980ರ ದಶಕದಲ್ಲಿ ಅಮೆರಿಕದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆ ಖಿನ್ನತೆಯ ಚಿಕಿತ್ಸೆಯ ಬಗ್ಗೆ ಒಂದು ದೊಡ್ಡ ಪ್ರಯೋಗ ನಡೆಸಿತು. 250 ಜನರನ್ನು ನಾಲ್ಕು ಗುಂಪಿಗೆ ಹಂಚಿದರು. ಒಂದಕ್ಕೆ ಅರಿವು-ನಡವಳಿಕೆ ಚಿಕಿತ್ಸೆ, ಅಂದರೆ ನಾವು ಸಿಬಿಟಿ ಅನ್ನುವುದು. ಒಂದಕ್ಕೆ ಸಂಬಂಧಗಳ ಮೇಲೆ ಕೆಲಸ ಮಾಡುವ ಚಿಕಿತ್ಸೆ. ಒಂದಕ್ಕೆ ಇಮಿಪ್ರಮೈನ್ ಎಂಬ ಖಿನ್ನತೆಯ ಮಾತ್ರೆ. ಒಂದಕ್ಕೆ ಔಷಧವಿಲ್ಲದ ಹುಸಿ ಮಾತ್ರೆ. ಒಟ್ಟು 16 ವಾರ. ಯಾವ ಚಿಕಿತ್ಸೆ ಮೇಲು ಅನ್ನುವ ಜಗಳ ಆಮೇಲೆ ಬಹಳ ವರ್ಷ ನಡೆಯಿತು, ಅದು ಇಲ್ಲಿ ಬೇಡ.

ಸಿಡ್ನಿ ಬ್ಲಾಟ್ ಮತ್ತು ಜೊತೆಗಾರರು 1995ರಲ್ಲಿ ಅದೇ ಅಂಕಿಗಳನ್ನು ಮತ್ತೆ ತೆಗೆದು ನೋಡಿದರು. ಚಿಕಿತ್ಸೆಗೆ ಮುಂಚೆ ತುಂಬಿಸಿದ್ದ ಪ್ರಶ್ನಾವಳಿಯಲ್ಲಿ ಪರ್ಫೆಕ್ಷನಿಸಂ ಅಳೆಯುವ ಒಂದು ಭಾಗ ಇತ್ತು. ಅದರಲ್ಲಿ ಅಂಕ ಜಾಸ್ತಿ ಇದ್ದವರು ನಾಲ್ಕೂ ಗುಂಪುಗಳಲ್ಲಿ ಕಡಿಮೆ ಚೇತರಿಸಿಕೊಂಡಿದ್ದರು. ಮಾತಿನ ಚಿಕಿತ್ಸೆಯಲ್ಲಷ್ಟೇ ಅಲ್ಲ, ಮಾತ್ರೆಯಲ್ಲೂ. ನಾವು ಯಾವ ಶಾಲೆಯವರು, ಯಾವ ಪದ್ಧತಿಯವರು ಎಂದು ಬೀಗುವವರೆಲ್ಲ ಇದನ್ನು ಒಮ್ಮೆ ಓದಬೇಕು, ನಾನೂ ಸೇರಿದಂತೆ.

1998ರಲ್ಲಿ ಅವರು ಇನ್ನೊಂದು ಸಂಗತಿ ತೋರಿಸಿದರು. ಮೊದಲ ಅರ್ಧದಲ್ಲಿ ಈ ಜನ ಹಿಂದೆ ಬೀಳುವುದಿಲ್ಲ. ಬೇರೆಯವರಂತೆಯೇ ಸುಧಾರಿಸುತ್ತಾರೆ. ನಿಲ್ಲುವುದು ಎರಡನೆಯ ಅರ್ಧದಲ್ಲಿ, ಅದರಲ್ಲೂ ಒಂಬತ್ತರಿಂದ ಹನ್ನೆರಡನೆಯ ಸೆಷನ್‌ನ ಆಸುಪಾಸಿನಲ್ಲಿ. ಏಕೆ? ಕೊನೆಯ ದಿನ ಕಣ್ಣಿಗೆ ಬೀಳತೊಡಗಿತ್ತು ಎನ್ನುವುದು ಒಂದು ವಿವರಣೆ. ನನಗೆ ಅದು ಸರಿ ಅನ್ನಿಸುತ್ತದೆ. ಮುಗಿಯುವ ದಿನ ಗೊತ್ತಿರುವ ಥೆರಪಿ ಅವರ ಪಾಲಿಗೆ ಪರೀಕ್ಷೆ. ದಿನ ಹತ್ತಿರ ಬಂತು, ನಾನು ಇನ್ನೂ ಗುಣವಾಗಿಲ್ಲ, ಅಂದರೆ ಇಲ್ಲೂ ಫೇಲು.

ಇನ್ನೂ ಒಂದಿದೆ. ಸಾಮಾನ್ಯವಾಗಿ ವಾರ ಕಳೆದಂತೆ ಕ್ಲೈಂಟ್ ಮತ್ತು ಥೆರಪಿಸ್ಟ್ ನಡುವೆ ನಂಟು ಗಟ್ಟಿಯಾಗುತ್ತಾ ಹೋಗುತ್ತದೆ. ಇವರಲ್ಲಿ ಅದು ಅಷ್ಟಾಗಿ ಬೆಳೆಯಲಿಲ್ಲ. ಥೆರಪಿಸ್ಟ್ ಕಡೆಯಿಂದ ಕೊರತೆ ಇರಲಿಲ್ಲ. ಕ್ಲೈಂಟ್‌ಗಳೇ ಒಂದು ಹಂತಕ್ಕೆ ಬಂದು ನಿಂತುಬಿಟ್ಟಿದ್ದರು. ಇದನ್ನು ಓದಿದಾಗ ನನಗೆ ಆ ಫೈಲ್ ನೆನಪಾಯಿತು. ಅವರು ನನಗೆ ಎಲ್ಲ ಕೊಟ್ಟಿದ್ದರು, ತಮ್ಮನ್ನು ಬಿಟ್ಟು.

ಹೆವಿಟ್ ಮತ್ತು ಜೊತೆಗಾರರು 2003ರಲ್ಲಿ ಇದಕ್ಕೆ ಸರಿಹೊಂದುವ ವಿಂಗಡಣೆಯನ್ನೂ ಕೊಟ್ಟರು. ಕೆಲವರು ಪರ್ಫೆಕ್ಟ್ ಆಗಿ ಇರಬೇಕು ಅಂತಷ್ಟೇ ಒದ್ದಾಡುವುದಿಲ್ಲ, ಹಾಗೆ ಕಾಣಿಸಬೇಕು ಅಂತ ಒದ್ದಾಡುತ್ತಾರೆ. ಅದರಲ್ಲಿ ಮೂರು ಬಗೆ. ಸಾಧನೆಯನ್ನು ಮುಂದಿಡುವುದು, ತಪ್ಪು ಮಾಡುವಾಗ ಯಾರ ಕಣ್ಣಿಗೂ ಬೀಳದಂತೆ ನೋಡಿಕೊಳ್ಳುವುದು, ತಪ್ಪಿನ ಬಗ್ಗೆ ಬಾಯಿ ಬಿಡದಿರುವುದು. ಈ ಕೊನೆಯ ಬಗೆಯವರಿಗೆ ಥೆರಪಿ ಎಷ್ಟು ಕಷ್ಟ ಯೋಚಿಸಿ. ಬಾಯಿ ಬಿಡುವುದೇ ಅಲ್ಲಿನ ಕೆಲಸ.

ಹಾಗಾದರೆ ಏನು ಮಾಡುವುದು?

ಏಳನೆಯ ವಾರ ಬರದಿದ್ದವರು ಎಂಟನೆಯ ವಾರ ಬಂದರು, ಎರಡು ವಾರದ ಹೋಂವರ್ಕ್ ಜೊತೆ. ನಾನು ಅದನ್ನು ತೆಗೆದು ನೋಡಲಿಲ್ಲ. "ಹೋದ ವಾರ ಖಾಲಿ ಕೈಯಲ್ಲಿ ಬಂದಿದ್ದರೆ ನಾನು ಏನು ಅಂದುಕೊಳ್ತಿದ್ದೆ ಅಂತ ನಿಮಗೆ ಅನ್ನಿಸಿತ್ತು?" ಎಂದು ಕೇಳಿದೆ. ತುಂಬ ಹೊತ್ತು ಸುಮ್ಮನಿದ್ದರು. ಆಮೇಲೆ "ನೀವು ಸುಸ್ತಾಗ್ತೀರಿ, ಇವರಿಗೆ ಸಮಯ ಕೊಟ್ಟಿದ್ದೇ ದಂಡ ಅನ್ಕೋತೀರಿ" ಅಂದರು. ಆರು ವಾರದ ಮೂರು ಮೂರು ಪುಟಗಳಲ್ಲಿ ಇಲ್ಲದ್ದು ಈ ಒಂದು ಮಾತಿನಲ್ಲಿತ್ತು. ಮುಂದಿನ ವಾರಕ್ಕೆ ಹೋಂವರ್ಕ್ ಅರ್ಧ ಮಾಡಿ ತನ್ನಿ ಎಂದೆ. ನೀವು ನಗುತ್ತಿದ್ದೀರಿ, ಮುಂದೇನಾಯಿತು ಎಂದು ಊಹಿಸಿರಬೇಕು. ಹೌದು, ಸಾಲು ಎಣಿಸಿ ಕರಾರುವಾಕ್ಕಾಗಿ ಅರ್ಧ ಮಾಡಿ ತಂದಿದ್ದರು. ಅದನ್ನು ಹೇಳಿದಾಗ ಇಬ್ಬರೂ ನಕ್ಕೆವು. ಅಲ್ಲಿಂದ ಕೆಲಸ ಶುರುವಾಯಿತು ಎಂದು ನನ್ನ ಲೆಕ್ಕ.

ಇನ್ನು ಪ್ರಯೋಗಗಳ ವಿಷಯ. ಒಬ್ಬರು ಕಚೇರಿಯ ಪ್ರತಿ ಈಮೇಲನ್ನು ಕಳಿಸುವ ಮೊದಲು ಹತ್ತು ಹನ್ನೊಂದು ಸಲ ಓದುತ್ತಿದ್ದರು. ಎರಡೇ ಸಲ ಓದಿ ಕಳಿಸಿ ಎಂದೆ. ಕಳಿಸಿದರು, ಏನೂ ಆಗಲಿಲ್ಲ. "ಈ ಸಲ ಬಚಾವಾದೆ" ಅಂದರು. ಅಂದರೆ ಪ್ರಯೋಗ ಪೋಲಾಯಿತು. ತಪ್ಪು ನನ್ನದು. ಏನಾಗುತ್ತೆ ಎಂಬ ಭಯವನ್ನು ಮೊದಲೇ ಬರೆಸಿರಲಿಲ್ಲ. ಆಮೇಲೆ ಹೀಗೆ ಮಾಡಿದೆವು. ಒಂದು ದಿನ ಹನ್ನೊಂದು ಸಲ, ಮರುದಿನ ಎರಡು ಸಲ, ಹೀಗೆ ಎರಡು ವಾರ. ಎಷ್ಟು ತಪ್ಪು ಸಿಕ್ಕಿತು, ಯಾರಾದರೂ ಏನಾದರೂ ಅಂದರಾ, ಆ ದಿನ ಆತಂಕ ಎಷ್ಟಿತ್ತು, ಮನೆಗೆ ಎಷ್ಟು ಹೊತ್ತಿಗೆ ಹೋದಿರಿ, ಎಲ್ಲ ಬರೆದಿಡಬೇಕು. ಬರೆದಿಡುವುದರಲ್ಲಿ ಇವರು ನಿಸ್ಸೀಮರು ತಾನೇ, ಆ ಗುಣವನ್ನೇ ದುಡಿಸಿಕೊಳ್ಳೋಣ. ಅವರ ಪಟ್ಟಿಯಲ್ಲಿ ಕಂಡದ್ದು: ಹನ್ನೊಂದು ಸಲ ಓದಿದ ದಿನವೇ ಆತಂಕ ಜಾಸ್ತಿ. ಪರೀಕ್ಷಿಸಿದಷ್ಟೂ ಅನುಮಾನ ಬೆಳೆಯುತ್ತದೆ. ಇದನ್ನು ನಾನು ಹೇಳಿದ್ದರೆ ತಲೆಯಾಡಿಸಿ ಮರೆಯುತ್ತಿದ್ದರು.

ಜೊತೆಗೆ ಇನ್ನೊಂದು ಕೆಲಸ ಕೊಟ್ಟಿದ್ದೆ. ನೀವು ಗೌರವಿಸುವ ನಾಲ್ಕೈದು ಜನರನ್ನು ಕೇಳಿ ಬನ್ನಿ, ಅವರು ಈಮೇಲ್ ಎಷ್ಟು ಸಲ ಓದುತ್ತಾರೆ ಅಂತ. ಇಬ್ಬರು "ಓದೋದಾ? ಯಾಕೆ?" ಅಂದರಂತೆ.

ಮನೋವೈದ್ಯ ಡೇವಿಡ್ ಬರ್ನ್ಸ್ 1980ರಲ್ಲಿ ಪರ್ಫೆಕ್ಷನಿಸಂ ಬಗ್ಗೆ ಬರೆದಾಗ ಒಂದು ಸರಳ ಕೋಷ್ಟಕ ಹೇಳಿದ್ದರು. ಮಾಡಿದ ಕೆಲಸ ಎಷ್ಟು ಚೆನ್ನಾಗಿ ಆಯಿತು, ಎಷ್ಟು ಖುಷಿ ಕೊಟ್ಟಿತು, ಎರಡಕ್ಕೂ ನೂರಕ್ಕೆ ಇಷ್ಟು ಎಂದು ಅಂಕ. ಎರಡೂ ಒಟ್ಟೊಟ್ಟಿಗೆ ಏರುವುದಿಲ್ಲ ಎಂದು ಕಂಡಾಗ ಜನ ಬೆರಗಾಗುತ್ತಾರೆ. ಕೆಟ್ಟದಾಗಿ ಆಡಿದ ಆಟ ಎಂಬತ್ತು ಖುಷಿ ಕೊಟ್ಟಿರುತ್ತದೆ, ಎಲ್ಲರೂ ಹೊಗಳಿದ ವರದಿ ಹತ್ತು. ಹಳೆಯ ಉಪಾಯ, ಈಗಲೂ ಕೆಲಸ ಮಾಡುತ್ತದೆ.

ಕನ್ನಡದಲ್ಲಿ ಥೆರಪಿ ಮಾಡುವ ನಮಗೆ ಸಿಗುವ ಒಂದು ಸಲಕರಣೆ ಬಗ್ಗೆ ಹೇಳಬೇಕು. ಮನೋವಿಶ್ಲೇಷಕಿ ಕರೆನ್ ಹಾರ್ನಿ 1950ರಲ್ಲೇ ಈ 'ಹೀಗಿರಬೇಕು, ಹಾಗಿರಬೇಕು'ಗಳ ದಬ್ಬಾಳಿಕೆ ಬಗ್ಗೆ ಬರೆದರು. ಕನ್ನಡದಲ್ಲಿ 'ಬೇಕು' ಅಂದರೆ ಆಸೆಯೂ ಹೌದು, ಕಡ್ಡಾಯವೂ ಹೌದು. 'ನನಗೆ ಬೇಕು', 'ನಾನು ಮಾಡಬೇಕು'. ಅದರ ನಡುವೆ ಒಂದು 'ಲೇ' ತೂರಿದರೆ 'ಮಾಡಲೇಬೇಕು'. ಕ್ಲೈಂಟ್ ಮಾತಿನಲ್ಲಿ ಈ 'ಲೇ' ಎಲ್ಲಿ ಬರುತ್ತದೆ ಎಂದು ಗಮನಿಸಿ. ನಾನು ಕೆಲವರಿಗೆ ಅವರದೇ ವಾಕ್ಯವನ್ನು ಮೂರು ಥರ ಓದಿಸುತ್ತೇನೆ. "ಇದು ಚೆನ್ನಾಗಿ ಆಗಲೇಬೇಕು." "ಇದು ಚೆನ್ನಾಗಿ ಆಗಬೇಕು." "ಇದು ಚೆನ್ನಾಗಿ ಆಗಲಿ ಅಂತ ನನಗೆ ಆಸೆ." ಮೂರನೆಯದನ್ನು ಓದುವಾಗ ಕೆಲವರ ದನಿ ನಡುಗುತ್ತದೆ. ಆಸೆ ಅಂದಮೇಲೆ ಅದು ಈಡೇರದೆಯೂ ಹೋಗಬಹುದು ಅಲ್ವಾ. 'ಲೇಬೇಕು' ಆ ದುಃಖವನ್ನು ಮುಚ್ಚಿಡುತ್ತಿತ್ತು.

ತಮ್ಮ ಮೇಲೆ ತಾವೇ ಕರುಣೆ ತೋರುವ ಬಗ್ಗೆ ಈಗ ಬಹಳ ಮಾತಿದೆ. ಕ್ರಿಸ್ಟಿನ್ ನೆಫ್, ಪಾಲ್ ಗಿಲ್ಬರ್ಟ್ ಅವರ ಕೆಲಸದಿಂದ ನಾನೂ ಕಲಿತಿದ್ದೇನೆ. ಆದರೆ "ನಿಮ್ಮ ಸ್ನೇಹಿತರಿಗೆ ಹೀಗಾಗಿದ್ದರೆ ಏನು ಹೇಳ್ತಿದ್ದಿರಿ" ಎಂಬ ಪ್ರಶ್ನೆ ಸವೆದುಹೋಗಿದೆ. "ಅವರಿಗೆ ಪರವಾಗಿಲ್ಲ ಅಂತಿದ್ದೆ, ನನಗೆ ಹಾಗಲ್ಲ" ಎಂದು ಥಟ್ಟನೆ ಉತ್ತರ ಬರುತ್ತದೆ. ಅಲ್ಲಿಗೆ ಬಿಡಬೇಡಿ. "ನಿಮಗೊಬ್ಬರಿಗೇ ಬೇರೆ ಕಾನೂನು ಯಾಕೆ? ಯಾವಾಗಿನಿಂದ?" ಎಂದು ಕೇಳಿ. 'ಯಾವಾಗಿನಿಂದ'ಕ್ಕೆ ಸಾಮಾನ್ಯವಾಗಿ ಒಂದು ವಯಸ್ಸು, ಒಂದು ಮನೆ, ಒಬ್ಬರ ಮುಖ ಉತ್ತರವಾಗಿ ಬರುತ್ತದೆ.

ಇನ್ನೊಂದು ವಿಷಯ, ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಪರ್ಫೆಕ್ಷನಿಸಂಗೂ ಆತ್ಮಹತ್ಯೆಯ ಯೋಚನೆಗೂ ನಂಟಿದೆ ಎಂದು ಹಲವು ಅಧ್ಯಯನಗಳು ತೋರಿಸಿವೆ, ಅದರಲ್ಲೂ ಲೋಕವೆಲ್ಲ ನನ್ನಿಂದ ಬಯಸುತ್ತಿದೆ ಎಂಬ ಬಗೆಗೆ. ಇವರು ಅಚ್ಚುಕಟ್ಟಾಗಿ ಬಂದು, ನಗುನಗುತ್ತಾ ಮಾತಾಡಿ, ಸಮಯಕ್ಕೆ ಸರಿಯಾಗಿ ಏಳುತ್ತಾರೆ. ಚೆನ್ನಾಗಿದ್ದಾರೆ ಎಂದುಕೊಳ್ಳುತ್ತೇವೆ. ನೇರವಾಗಿ ಕೇಳಿ, "ಬದುಕಿದ್ದು ಸಾಕು ಅನ್ನಿಸಿದೆಯಾ, ಸಾಯುವ ಯೋಚನೆ ಬಂದಿದೆಯಾ" ಅಂತ. ಒಂದು ಸಲ ಕೇಳಿ ಬಿಡಬೇಡಿ. ಮೊದಲ ಸಲ 'ಇಲ್ಲ' ಅನ್ನುವುದು ಇವರಿಗೆ ಅಭ್ಯಾಸ. ಹೌದು ಅಂದರೆ ಒಬ್ಬರೇ ಹೊತ್ತುಕೊಳ್ಳದೆ ಮನೋವೈದ್ಯರ ಜೊತೆ ಸೇರಿ ಕೆಲಸ ಮಾಡಿ.

ಎಲ್ಲ ತಪ್ಪೂ ಕ್ಲೈಂಟ್ ತಲೆಯೊಳಗೇ ಇದೆ ಎಂದೂ ಅಂದುಕೊಳ್ಳಬಾರದು. ಕರ‍್ರನ್ ಮತ್ತು ಹಿಲ್ ಎಂಬ ಇಬ್ಬರು ಅಮೆರಿಕ, ಕೆನಡಾ, ಬ್ರಿಟನ್ನಿನ 41,641 ಕಾಲೇಜು ವಿದ್ಯಾರ್ಥಿಗಳ ಉತ್ತರಗಳನ್ನು ಒಟ್ಟುಗೂಡಿಸಿ 2019ರಲ್ಲಿ ಪ್ರಕಟಿಸಿದರು. 1989ರಿಂದ 2016ರ ನಡುವಿನ ಅಂಕಿ ಅವು. ಹೆವಿಟ್ ಮತ್ತು ಫ್ಲೆಟ್ ಹೇಳಿದ ಮೂರೂ ಬಗೆ ಹೆಚ್ಚಿವೆ. 'ಬೇರೆಯವರು ನನ್ನಿಂದ ಬಯಸುತ್ತಾರೆ' ಎಂಬುದು 33 ಶೇಕಡಾ ಏರಿದೆ, 'ನನ್ನಿಂದ ನಾನೇ ಬಯಸುತ್ತೇನೆ' ಎಂಬುದು 10 ಶೇಕಡಾ. ಅಂದರೆ ಸುತ್ತಲಿನ ಲೋಕವೂ ಬದಲಾಗಿದೆ. ತಪ್ಪಿಗೆ ನಿಜವಾಗಿಯೂ ಕೆಲಸದಿಂದ ತೆಗೆಯುವ ಕಡೆ ದುಡಿಯುವವರಿಗೆ "ಅದು ನಿಮ್ಮ ಆಲೋಚನೆ ಅಷ್ಟೇ" ಎಂದರೆ ಅವರು ನಮ್ಮನ್ನು ನಂಬುವುದಿಲ್ಲ, ನಂಬಲೂಬಾರದು.

ಇಲ್ಲಿ ಒಬ್ಬರು ಎದ್ದು ಕೇಳಿದರು: "ಥೆರಪಿಸ್ಟೇ ಪರ್ಫೆಕ್ಷನಿಸ್ಟ್ ಆಗಿದ್ದರೆ?"

ಅದಕ್ಕೆ ಈ ಭಾಷಣದ ಟಿಪ್ಪಣಿಯನ್ನು ನಾನು ಎಷ್ಟು ಸಲ ತಿದ್ದಿದೆ ಎಂದು ಹೇಳಬೇಕಾಯಿತು. ಒಮ್ಮೆ ಒಂದೇ ಸಮಯಕ್ಕೆ ಇಬ್ಬರಿಗೆ ಬರಹೇಳಿಬಿಟ್ಟಿದ್ದೆ. ಕಾಯಬೇಕಾಗಿ ಬಂದವರು ಇಂಥದ್ದೇ ಕ್ಲೈಂಟ್. ನಾನು ಕ್ಷಮೆ ಕೇಳಿದೆ, ಮತ್ತೆ ಕೇಳಿದೆ, ಮರುದಿನ ಮೆಸೇಜ್ ಮಾಡಿ ಮತ್ತೊಮ್ಮೆ ಕೇಳಿದೆ. ಮುಂದಿನ ವಾರ ಅವರೇ "ಮೇಡಂ, ಒಂದು ಸಲ ಸಾಕಿತ್ತು" ಅಂದರು. ಮಕ್ಕಳ ವೈದ್ಯರೂ ಮನೋವಿಶ್ಲೇಷಕರೂ ಆಗಿದ್ದ ವಿನಿಕಾಟ್ 1953ರಲ್ಲಿ 'ಸಾಕಷ್ಟು ಒಳ್ಳೆಯ ತಾಯಿ'ಯ ಬಗ್ಗೆ ಬರೆದಾಗ ಹೇಳಿದ್ದು ಇದನ್ನೇ. ಮಗುವಿನ ಅಗತ್ಯವನ್ನೆಲ್ಲ ಥಟ್ಟನೆ ಪೂರೈಸುತ್ತಿದ್ದ ತಾಯಿ ಮೆಲ್ಲಗೆ, ಮಗು ತಾಳಿಕೊಳ್ಳುವಷ್ಟು, ತಪ್ಪುತ್ತಾ ಬರಬೇಕು. ಇಲ್ಲದಿದ್ದರೆ ಮಗುವಿಗೆ ಹೊರಗಿನ ಲೋಕ ಸಿಗುವುದಿಲ್ಲ. ನಾವು ತಪ್ಪುವುದು, ಒಂದು ಸಲ ಒಪ್ಪಿಕೊಳ್ಳುವುದು, ಮುಂದಕ್ಕೆ ಹೋಗುವುದು, ಇದನ್ನು ಎದುರು ಕೂತವರು ನೋಡಬೇಕು. ನಾನು ಅವತ್ತು ಮೂರು ಸಲ ಕ್ಷಮೆ ಕೇಳಿ ಅವರಿಗೆ ಬೇಡದ ಪಾಠ ಹೇಳಿಕೊಟ್ಟಿದ್ದೆ.

ಇನ್ನೊಬ್ಬರ ಪ್ರಶ್ನೆ ಮುಗಿಸುವುದರ ಬಗ್ಗೆ. ಕೊನೆಯ ಹಂತದಲ್ಲೇ ಇವರು ಕುಸಿಯುತ್ತಾರಾದರೆ ಮುಗಿಸುವುದು ಹೇಗೆ?

ನಾನು ಈಗ ಅರ್ಧ ದಾರಿಯಲ್ಲೇ ಆ ಮಾತು ಎತ್ತುತ್ತೇನೆ. "ಕೊನೆ ಹತ್ತಿರ ಬಂದಾಗ ನಿಮಗೆ ಫೇಲಾದೆ ಅನ್ನಿಸಬಹುದು. ಅನ್ನಿಸಿದರೆ ನನಗೆ ಹೇಳಿ, ಮುಚ್ಚಿಟ್ಟುಕೊಳ್ಳಬೇಡಿ" ಎಂದು ಬಾಯಿಬಿಟ್ಟು ಹೇಳುತ್ತೇನೆ. ಕೊನೆಯ ಕೆಲವು ಸೆಷನ್‌ಗಳ ನಡುವೆ ಎರಡು ವಾರ, ಮೂರು ವಾರ ಅಂತರ ಕೊಡುತ್ತೇನೆ. ಕೊನೆಯ ದಿನ ಏನೇನು ಸರಿಹೋಯಿತು ಎಂದು ಬರೆಸುವುದು ವಾಡಿಕೆ. ಇವರಿಂದ ಸರಿಹೋಗದೆ ಉಳಿದದ್ದನ್ನೂ ಬರೆಸುತ್ತೇನೆ. ಆ ಫೈಲಿನವರು ಬರೆದದ್ದು: ನಿದ್ದೆ ಇನ್ನೂ ಕೆಲವು ರಾತ್ರಿ ಬರುವುದಿಲ್ಲ. ಅಣ್ಣನ ಜೊತೆ ಮಾತಾಡಿಲ್ಲ. ಈಮೇಲ್ ನಾಲ್ಕು ಸಲ ಓದುತ್ತೇನೆ. ಐದನೆಯ ಅಂಶಕ್ಕೆ ಸಂಖ್ಯೆ ಹಾಕಿ, ಯೋಚಿಸಿ, ಏನೂ ಬರೆಯದೆ ನನ್ನ ಕೈಗೆ ಕೊಟ್ಟರು. ನಾಲ್ಕನೆಯದು ಎಲ್ಲಿ ಎಂದು ನಾನು ಕೇಳಿದೆ. ಅವರು ಹಾಳೆ ತಿರುಗಿಸಿ ನೋಡಿ, "ಅಯ್ಯೋ, ಬಿಟ್ಟೇಹೋಗಿದೆ" ಅಂದರು. ಪೆನ್ನನ್ನು ಬ್ಯಾಗಿಗೆ ಹಾಕಿಕೊಂಡು ಎದ್ದರು.